ಅಲಂಕಾರದ ಹೆಸರು ಬರೆದಾಯಿತು, ಮುಂದೇನು?

(ಕೊಪ್ಪಳದಲ್ಲಿ ಪದವಿಪೂರ್ವ ವಿದ್ಯಾರ್ಥಿಗಳು ಮತ್ತು ಕನ್ನಡ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರು ಹತ್ತನೇ ತರಗತಿಯ ಕನ್ನಡ ಪರೀಕ್ಷೆ ಬರೆದು ಬಂದವರು. "ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು" ಎಂಬ ಸಾಲು ಕಂಡರೆ ಸಾಕು, ಕೈ ತಾನಾಗಿ ಬರೆಯುತ್ತದೆ. ಅಲಂಕಾರ: ಉಪಮಾ. ಉಪಮೇಯ: ಭೀಮ ದುರ್ಯೋಧನರು. ಉಪಮಾನ: ಮದಗಜಗಳು. ವಾಚಕಪದ: ಅಂತೆ. ಸಮಾನಧರ್ಮ: ಹೋರಾಡುವುದು. ಆಮೇಲೆ ಎರಡು ಸಾಲು ಸಮನ್ವಯ. ಅಂಕವೂ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ಇದನ್ನು ಕಲಿಯಲೇಬೇಕು. ನನ್ನ ಸಂಕಟ ಇರುವುದು ಅಲ್ಲಿಗೇ ಪೆನ್ನು ಮುಚ್ಚಿಡುತ್ತೇವಲ್ಲ, ಅದರಲ್ಲಿ.

ಒಂದು ಪ್ರಶ್ನೆ ಕೇಳಿಕೊಳ್ಳಿ. ಮದಗಜವೇ ಯಾಕೆ? ಹುಲಿ ಅನ್ನಬಹುದಿತ್ತು, ಸಿಂಹ ಅನ್ನಬಹುದಿತ್ತು. ಹುಲಿ ಹಸಿವಿಗೆ ಬೇಟೆಯಾಡುತ್ತದೆ. ಮದವೇರಿದ ಆನೆಗೆ ಹಸಿವೂ ಇಲ್ಲ, ಎದುರಿಗಿರುವವನು ಯಾರೆಂಬ ಗುರುತೂ ಇಲ್ಲ. ಇಬ್ಬರೂ ದಾಯಾದಿಗಳು, ಒಟ್ಟಿಗೆ ಬೆಳೆದವರು. ಆ ಗುರುತು ಈಗ ಅಳಿಸಿಹೋಗಿದೆ. ಇನ್ನೂ ಒಂದನ್ನು ಗಮನಿಸಿ. ಭೀಮನಿಗೆ ಒಂದು ಪ್ರಾಣಿ, ದುರ್ಯೋಧನನಿಗೆ ಇನ್ನೊಂದು ಪ್ರಾಣಿ ಅಂತ ಹೋಲಿಕೆ ಹಂಚಿಲ್ಲ. ಇಬ್ಬರಿಗೂ ಒಂದೇ. ನಾಯಕ ಯಾರು, ಖಳ ಯಾರು ಎಂಬ ಭೇದವನ್ನು ಆ "ಗಳಂತೆ" ಅಷ್ಟು ಹೊತ್ತಿನ ಮಟ್ಟಿಗೆ ಅಳಿಸಿಬಿಟ್ಟಿದೆ. ಸಮಾನಧರ್ಮ ಎಂಬ ಕಾಲಂನಲ್ಲಿ "ಹೋರಾಡುವುದು" ಎಂದು ಬರೆದು ಮುಗಿಸಿದರೆ ಇದು ಯಾವುದೂ ಕಾಣುವುದಿಲ್ಲ.

ಹಾಗಾಗಿ ಇವತ್ತು ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಅಲಂಕಾರದ ಹೆಸರು ಗೊತ್ತಾದ ಮೇಲೆ ಅದನ್ನು ತೆಗೆದು ನೋಡಿ, ಇಲ್ಲವೇ ಬದಲಿಸಿ ನೋಡಿ. ಪದ್ಯ ಏನು ಕಳೆದುಕೊಳ್ಳುತ್ತದೋ ಅದೇ ಆ ಅಲಂಕಾರ ಮಾಡುತ್ತಿದ್ದ ಕೆಲಸ.

ಮೊದಲು ಪ್ರಾಸದಿಂದ ಶುರು ಮಾಡೋಣ, ಅದಕ್ಕೆ ನಿಮ್ಮೂರಿನದೇ ಉದಾಹರಣೆ ಇದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ, ಸುಮಾರು 850ರ ಹೊತ್ತಿನದು. ಅದು ಕಥೆಯಲ್ಲ, ಪುರಾಣವಲ್ಲ. ಅಲಂಕಾರದ ಮೇಲೆಯೇ ಬರೆದ ಪುಸ್ತಕ. ದಂಡಿ ಸಂಸ್ಕೃತದಲ್ಲಿ ಬರೆದ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು, ಕನ್ನಡಕ್ಕೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂದು ವಿಚಾರ ಮಾಡಿದ ಪುಸ್ತಕ. ಕನ್ನಡದ ತಿರುಳು ಎಲ್ಲಿದೆ ಎಂದು ಅದು ಹೇಳುವ ಪದ್ಯದಲ್ಲಿ ಕೊಪ್ಪಳ, ಕೊಪಣ ಎಂಬ ಹಳೆಯ ಹೆಸರಿನಲ್ಲಿ, ಬರುತ್ತದೆ:

ಅದರೊಳಗಂ ಕಿಸುವೊಳಲಾ
ವಿದಿತ ಮಹಾ ಕೊಪಣನಗರದಾ ಪುಲಿಗೆರೆಯಾ
ಸದಭಿಸ್ತುತಮಪ್ಪೊಂಕುಂ
ದದ ನಡುವಣ ನಾಡೆ ನಾಡೆ ಕನ್ನಡದ ತಿರುಳ್

ಇದು ಕಂದಪದ್ಯ. ಸಾಲುಗಳಿಗೆ 12, 20, 12, 20 ಮಾತ್ರೆ, ಅಂದರೆ ಉಚ್ಚಾರಣೆಯ ಕಾಲದ ಅಳತೆ. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ: ಅದ, ವಿದಿ, ಸದ, ದದ. ನಾಲ್ಕೂ ಕಡೆ ದಕಾರ. ಇದೇ ಆದಿಪ್ರಾಸ. ನಾವು ಪ್ರಾಸ ಎಂದರೆ ಸಾಲಿನ ಕೊನೆಯಲ್ಲಿ ಹುಡುಕುತ್ತೇವೆ, ಹಳಗನ್ನಡದ ಕವಿ ಸಾಲಿನ ಬಾಗಿಲಲ್ಲೇ ಇಡುತ್ತಾನೆ. ಮೊದಲ ಅಕ್ಷರಕ್ಕೂ ನಿಯಮವಿದೆ. ಇಲ್ಲಿ ಅ, ವಿ, ಸ, ದ ಎಲ್ಲವೂ ಹ್ರಸ್ವ, ಆದ್ದರಿಂದ ಸಿಂಹಪ್ರಾಸ. ಇದರ ಹಿಂದಿನ ಪದ್ಯ ನಿಮಗೆ ಬಾಯಿಪಾಠ ಇರಬಹುದು, "ಕಾವೇರಿಯಿಂದಮಾ ಗೋದಾವರಿವರಮಿರ್ದ". ಅಲ್ಲಿ ಕಾವೇ, ದಾವ, ಭಾವಿ, ಧಾವ. ಮೊದಲಕ್ಷರ ಎಲ್ಲವೂ ದೀರ್ಘ, ಗಜಪ್ರಾಸ. ಹೆಸರಿನ ಮಾತು ಇಷ್ಟೇ ಸಾಕು.

ಈಗ ಕೆಲಸ ನೋಡೋಣ. ಮೂರನೇ ಸಾಲು ಎಲ್ಲಿ ಮುರಿದಿದೆ? ಒಂಕುಂದ ಎಂಬ ಊರಿನ ಹೆಸರಿನ ನಡುವೆಯೇ. "ಒಂಕುಂ" ಇಲ್ಲಿ, "ದದ" ಮುಂದಿನ ಸಾಲಿಗೆ. ಹಿಂದಿನ ಪದ್ಯದಲ್ಲಿ ಗೋದಾವರಿಯನ್ನೂ ಹೀಗೇ "ಗೋ" ಮತ್ತು "ದಾವರಿ" ಎಂದು ಒಡೆದಿದೆ. ಓದುವವನು ಸಾಲಿನ ಕೊನೆಗೆ ನಿಲ್ಲುವಂತಿಲ್ಲ, ಉಸಿರು ಮುಂದಕ್ಕೆ ಎಳೆಯುತ್ತದೆ. ಪ್ರಾಸ ಮಾತ್ರ "ಇಲ್ಲಿ ಹೊಸ ಸಾಲು" ಎಂದು ಕಿವಿಗೆ ಗುರುತು ಹೇಳುತ್ತದೆ. ಸಾಲು ಒಡೆದು ಬರೆಯದೆ ಓಲೆಯ ಮೇಲೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದ ಕಾಲಕ್ಕೆ ಈ ಗುರುತು ಎಷ್ಟು ಬೇಕಾಗಿತ್ತು ಎಂದು ಊಹಿಸಿ.

ಇನ್ನೊಂದು ಸೂಕ್ಷ್ಮ. ನಾಲ್ಕು ಊರುಗಳಲ್ಲಿ ಕಿಸುವೊಳಲಿಗೂ ಪುಲಿಗೆರೆಗೂ ವಿಶೇಷಣವಿಲ್ಲ. ಕೊಪಣಕ್ಕೆ "ವಿದಿತ", ಒಂಕುಂದಕ್ಕೆ "ಸದಭಿಸ್ತುತ". ಯಾಕೆ ಇವೆರಡಕ್ಕೇ? ಸಾಲು ಶುರುವಾಗುವುದು ಈ ಎರಡು ಊರುಗಳ ಮಾತಿನಿಂದ, ಅಲ್ಲಿ ದಕಾರ ಬೇಕಾಗಿತ್ತು. ಕೊಪಣದ ಕೀರ್ತಿ ನಿಜವಾದದ್ದೇ. ಆ ಕೀರ್ತಿಗೆ ಪ್ರಸಿದ್ಧ, ಖ್ಯಾತ ಎನ್ನದೆ ವಿದಿತ ಎಂದೇ ಹೇಳಿಸಿದ್ದು ಪ್ರಾಸ. ಪ್ರಾಸ ಕವಿಯ ಕೈ ಕಟ್ಟುತ್ತದೆ ಎಂದು ದೂರುವವರಿದ್ದಾರೆ. ನನಗೆ ಕಾಣುವುದು ಬೇರೆ: ಅದು ಕವಿಯನ್ನು ಪದಗಳ ಉಗ್ರಾಣದೊಳಕ್ಕೆ ಕಳಿಸಿ, ಹುಡುಕಿ ತಾ ಎನ್ನುತ್ತದೆ.

ಮಾತ್ರೆಯ ಮಾತು ಬಂತಲ್ಲ, ಒಂದನ್ನು ಚಪ್ಪಾಳೆ ತಟ್ಟಿಯೇ ಕಲಿಯೋಣ. ಜಗನ್ನಾಥದಾಸರು ನಮ್ಮ ರಾಯಚೂರು ಜಿಲ್ಲೆ ಮಾನ್ವಿ ಸೀಮೆಯ ಬ್ಯಾಗವಾಟದವರು. ಅವರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. ಪಲ್ಲವಿಯಂತೆ ಹಾಡುವ ಸಾಲುಗಳು ನಿಮ್ಮಲ್ಲಿ ಕೆಲವರ ಮನೆಯಲ್ಲಿ ದಿನಾ ಕೇಳಿಸುತ್ತಿರಬಹುದು:

ಹರಿಕಥಾಮೃತಸಾರ ಗುರುಗಳ
ಕರುಣದಿಂದಾಪನಿತು ಪೇಳುವೆ
ಪರಮ ಭಗವದ್ಭಕ್ತರಿದನಾದರದಿ ಕೇಳುವುದು

ಮೂರು, ನಾಲ್ಕು, ಮೂರು, ನಾಲ್ಕು ಎಂದು ಎಣಿಸುತ್ತ ಹೇಳಿ. ಹರಿಕ, ಥಾಮೃತ, ಸಾರ, ಗುರುಗಳ. ಕರುಣ, ದಿಂದಾ, ಪನಿತು, ಪೇಳುವೆ. ಹದಿನಾಲ್ಕು, ಹದಿನಾಲ್ಕು. ಮೂರನೇ ಸಾಲು ಉದ್ದ: ಪರಮ, ಭಗವದ್, ಭಕ್ತ, ರಿದನಾ, ದರದಿ, ಕೇಳುವು, ಕೊನೆಗೆ ಒಂದು ಗುರು, ಅಂದರೆ ಎರಡು ಮಾತ್ರೆ. ಇಪ್ಪತ್ಮೂರು. ಇಲ್ಲೂ ಹರಿ, ಕರು, ಪರ ಎಂದು ರಕಾರದ ಪ್ರಾಸ ಇದೆ. ಎರಡು ಸಣ್ಣ ಸಾಲು ನಡೆದು ಬಂದು ಮೂರನೆಯದರಲ್ಲಿ ಉಸಿರು ಬಿಟ್ಟು ಚಾಚುವುದು ಭಾಮಿನಿಯ ನಡೆ. "ಗುರುಗಳ ಕರುಣೆಯಿಂದ ನನಗೆ ಆದಷ್ಟು ಹೇಳುತ್ತೇನೆ" ಎಂದು ಗದ್ಯ ಮಾಡಿ ನೋಡಿ. ಅರ್ಥ ಪೂರ್ತಿ ಉಳಿಯಿತು. ಆದರೆ ನಾಳೆ ಬೆಳಿಗ್ಗೆ ಯಾರ ಬಾಯಲ್ಲೂ ಉಳಿಯುವುದಿಲ್ಲ.

ನಮ್ಮ ಬಳ್ಳಾರಿ, ಕೊಪ್ಪಳ ಸೀಮೆಯ ಬಯಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಷರ ಕಲಿಯದ ಕಲಾವಿದರು ರಾತ್ರಿಯಿಡೀ ಆಡುವಷ್ಟು ಪದಗಳನ್ನು ಬಾಯಲ್ಲಿಟ್ಟುಕೊಂಡಿರುತ್ತಾರೆ. ಒಂದು ಸಾಲು ಮರೆತರೆ ಪ್ರಾಸ ಎತ್ತಿಕೊಡುತ್ತದೆ, ಇನ್ನೊಂದು ಮರೆತರೆ ತಾಳ ಎತ್ತಿಕೊಡುತ್ತದೆ. "ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್" (ಓದಿ ಕಲಿಯದೆಯೂ ಕಾವ್ಯ ಕಟ್ಟಬಲ್ಲವರು) ಎಂದು ಕವಿರಾಜಮಾರ್ಗ ಹೇಳಿದ್ದು ಇಂಥವರನ್ನೇ ಕಂಡು ಎಂದು ನಾನು ನಂಬುತ್ತೇನೆ. ಆ ಸಾಲಿನಲ್ಲೂ "ಕುರಿತೋ" ಎಂಬಲ್ಲಿ ಸಾಲು ಮುಗಿದು "ದದೆಯುಂ" ಎಂದು ಮುಂದಿನದು ಶುರುವಾಗುತ್ತದೆ, ಮತ್ತೆ ದಕಾರಕ್ಕಾಗಿ!

ಉಪಮೆಗೆ ಮರಳೋಣ. ಬಸವಣ್ಣನವರ ಈ ವಚನ ಎಲ್ಲರಿಗೂ ಬರುತ್ತದೆ. ಬರುತ್ತದೆ ಎಂಬ ಕಾರಣಕ್ಕೇ ನಿಧಾನವಾಗಿ ಓದಬೇಕು. "ನುಡಿದರೆ ಮುತ್ತಿನ ಹಾರದಂತಿರಬೇಕು. ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು. ನುಡಿದರೆ ಸ್ಫಟಿಕದ ಸಲಾಕೆಯಂತಿರಬೇಕು." ಮೂರು ಉಪಮೆ. ಮೂರೂ ಬೆಲೆಬಾಳುವ ವಸ್ತುಗಳು, ಅಂದರೆ ಮಾತು ಬೆಲೆಯುಳ್ಳದ್ದಾಗಿರಬೇಕು ಎಂದು ಸಮನ್ವಯ ಬರೆದುಬಿಡುತ್ತೇವೆ. ಬೆಲೆಯೊಂದೇ ಹೇಳುವುದಿದ್ದರೆ ಒಂದು ಉಪಮೆ ಸಾಕಿತ್ತು. ಮುತ್ತು ಎನ್ನಲಿಲ್ಲ, ಮುತ್ತಿನ ಹಾರ ಎಂದರು. ಹಾರ ಎಂದರೆ ಪೋಣಿಸಿದ್ದು. ಮಾತಿಗೆ ಕ್ರಮ ಬೇಕು, ಒಂದರ ಪಕ್ಕ ಇನ್ನೊಂದು ಕೂರಬೇಕು. ಮಾಣಿಕ್ಯ ಎನ್ನಲಿಲ್ಲ, ಮಾಣಿಕ್ಯದ ದೀಪ್ತಿ ಎಂದರು. ಕೈಯಲ್ಲಿ ಹಿಡಿಯುವ ಕಲ್ಲಲ್ಲ, ಅದರಿಂದ ಹೊರಡುವ ಬೆಳಕು. ಮಾತು ಆಡಿದವನ ಹತ್ತಿರವೇ ಉಳಿಯದೆ ಇನ್ನೊಬ್ಬರನ್ನು ಮುಟ್ಟಬೇಕು. ಮೂರನೆಯದು ಸಲಾಕೆ. ಸ್ಫಟಿಕದ್ದು, ಆದ್ದರಿಂದ ಆರಪಾರ ಕಾಣುತ್ತದೆ. ಸಲಾಕೆ, ಆದ್ದರಿಂದ ನೆಟ್ಟಗಿದೆ, ಚುಚ್ಚಲೂಬಲ್ಲದು. ಹಾರದಿಂದ ಸಲಾಕೆಯವರೆಗೆ ಬರುವಷ್ಟರಲ್ಲಿ ಚೆಲುವು ನಿಷ್ಠುರವಾಗಿದೆ. ಈ ಮೂರನ್ನು ಹಿಂದುಮುಂದು ಮಾಡಿ ಓದಿ, ವಚನ ಜಾರುತ್ತದೆ.

ನಾಲ್ಕನೇ ಸಾಲಿಗೆ ಬನ್ನಿ: "ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು." ಅಂತೆ ಹೋಯಿತು, ಉಪಮೆ ನಿಂತಿತು. ಐದನೆಯದರಲ್ಲಿ "ನುಡಿದರೆ" ಕೂಡ ಹೋಗಿ "ನುಡಿಯೊಳಗಾಗಿ ನಡೆಯದಿದ್ದರೆ" ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ನುಡಿ, ನಡೆ, ಎರಡು ಸ್ವರ ಬದಲಾದರೆ ಸಾಕು, ಬಾಯಿಯ ಕೆಲಸ ಕಾಲಿನ ಕೆಲಸವಾಗುತ್ತದೆ. ಮಾತಿನ ಚೆಲುವನ್ನು ಹೇಳುವವರೆಗೆ ಅಲಂಕಾರ, ನಡತೆಯ ಮಾತು ಬಂದ ಕೂಡಲೇ ಬರಿಯ ಮಾತು. ಅಲಂಕಾರವನ್ನು ಎಲ್ಲಿ ಬಿಡಬೇಕು ಎಂಬುದೂ ಕವಿಯ ವಿದ್ಯೆಯೇ.

ರೂಪಕ ಮತ್ತು ಉಪಮೆಗೆ ಏನು ವ್ಯತ್ಯಾಸ ಎಂದರೆ "ಅಂತೆ" ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ ಎಂದು ಹೇಳಿಕೊಡುತ್ತೇವೆ. ವ್ಯಾಕರಣಕ್ಕೆ ಅದು ಸರಿ. ಕಾವ್ಯದಲ್ಲಿ ಆ ವ್ಯತ್ಯಾಸಕ್ಕೆ ಎಷ್ಟು ತೂಕವಿದೆ ಎಂದು ತಿಳಿಯಬೇಕಾದರೆ "ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡುವೆ ಬಡವನಯ್ಯಾ" ಎಂಬುದನ್ನು ತೆಗೆದುಕೊಳ್ಳಿ. "ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ." ಈಗ ಬದಲಿಸಿ. ನನ್ನ ಕಾಲು ಕಂಬದಂತೆ, ದೇಹ ದೇಗುಲದಂತೆ, ಶಿರ ಹೊನ್ನ ಕಳಸದಂತೆ. ಏನಾಯಿತು? ಉಳ್ಳವರ ಗುಡಿಯೇ ಅಳತೆಗೋಲಾಯಿತು. ಅವರದು ನಿಜವಾದ ಗುಡಿ, ನನ್ನದು ಅದರ ಹಾಗೆ ಕಾಣುವ ಏನೋ ಒಂದು ಎಂದಾಯಿತು. ಬಡವ ಮತ್ತೆ ಬಡವನೇ ಆಗಿ ಉಳಿದ. "ಕಾಲೇ", "ದೇಹವೇ", "ಶಿರವೇ" ಎಂಬ ಆ ಏಕಾರ ಹೋಲಿಕೆಯನ್ನು ಒಪ್ಪುವುದಿಲ್ಲ. ಇದೇ ಗುಡಿ, ಇನ್ನೊಂದಕ್ಕೆ ಹೋಲಿಸಬೇಕಾಗಿಲ್ಲ. ಆಗ ಮಾತ್ರ "ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ" ಎನ್ನುವ ಧೈರ್ಯ ಬರುತ್ತದೆ. ಆ ವಚನದ ಸಮಾಜದೃಷ್ಟಿ ಎಲ್ಲಿದೆ ಎಂದು ನನ್ನನ್ನು ಕೇಳಿದರೆ ನಾನು ರೂಪಕದಲ್ಲಿದೆ ಎನ್ನುತ್ತೇನೆ. ರೂಪಕ ತೆಗೆದರೆ ಅದೂ ಹೋಗುತ್ತದೆ.

ಒಂದು ಮಾತಿಗೆ ಇನ್ನೊಂದು ಮಾತನ್ನು ಕನ್ನಡಿಯಂತೆ ಹಿಡಿಯುವ ದೃಷ್ಟಾಂತಕ್ಕೆ ಅಕ್ಕಮಹಾದೇವಿಯ ವಚನಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. "ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದೊಡೆಂತಯ್ಯಾ? ಸಮುದ್ರದ ತಡಿಯಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದೊಡೆಂತಯ್ಯಾ? ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದೊಡೆಂತಯ್ಯಾ?" ಮೂರೂ ಒಂದೇ ಅಚ್ಚಿನ ವಾಕ್ಯಗಳು. ಒಂದೇ ಒಂದು ಕಡೆ ಅಚ್ಚು ಬದಲಾಗಿದೆ, ಕಂಡಿತೇ? ಅಂಜಿದೊಡೆ, ಅಂಜಿದೊಡೆ, ನಾಚಿದೊಡೆ. ಮೃಗಕ್ಕೂ ತೆರೆಗೂ ಅಂಜಿಕೆ, ಜನರ ಮಾತಿಗೆ ನಾಚಿಕೆ. ಮುಂದೆ ಅಕ್ಕ ಹೇಳಬೇಕಾಗಿರುವುದು ಸ್ತುತಿನಿಂದೆಯ ವಿಷಯ, ಊರ ಬಾಯಿಯ ವಿಷಯ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಈ ಒಂದು ಪದ. ಮೂರನೆಯದನ್ನೂ ಅಂಜಿದೊಡೆ ಎಂದು ಓದಿಕೊಂಡರೆ ವಚನಕ್ಕೆ ಪೆಟ್ಟೇನೂ ಬೀಳಲಿಲ್ಲ ಎನಿಸಬಹುದು, ಆದರೆ ಮನೆ ಬಿಟ್ಟು ಹೊರಟ ಹೆಣ್ಣೊಬ್ಬಳು ಕೇಳಿಸಿಕೊಂಡ ಮಾತುಗಳೆಲ್ಲ ಅದರಿಂದ ಹೊರಗೆ ಹೋಗುತ್ತವೆ.

ಅತಿಶಯೋಕ್ತಿ, ಉತ್ಪ್ರೇಕ್ಷೆ ಇವನ್ನು ಗ್ರಂಥದಿಂದ ಕಲಿಯಬೇಕಾಗಿಲ್ಲ. ಮೇ ತಿಂಗಳಲ್ಲಿ ರಾಯಚೂರು ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲಿ. "ಬಂಡಿಗಲ್ಲಿನ ಮ್ಯಾಲೆ ರೊಟ್ಟಿ ಬೇಯ್ತಾವ ನೋಡ್ರಿ" ಎಂದರೆ ಅತಿಶಯೋಕ್ತಿ. "ಸೂರ್ಯ ಇಲ್ಲೇ ಮನಿ ಮಾಡ್ಯಾನೇನೋ ಅನಸ್ತದ" ಎಂದರೆ ಉತ್ಪ್ರೇಕ್ಷೆ. ಮೊದಲನೆಯದರಲ್ಲಿ ಅನುಮಾನವಿಲ್ಲ, ಎರಡನೆಯದರಲ್ಲಿ "ಏನೋ" ಎಂಬ ಸಂಭಾವನೆಯಿದೆ. ಗವಿಸಿದ್ಧೇಶ್ವರ ಜಾತ್ರೆಗೆ "ಇಡೀ ಜಿಲ್ಲೆನೇ ಬಂದೈತಿ" ಎನ್ನುತ್ತೇವೆ. ಜಿಲ್ಲೆ ಎದ್ದು ಬರುವುದಿಲ್ಲ, ಜನ ಬರುತ್ತಾರೆ. ಇದು ಲಕ್ಷಣೆ, ಪದದ ನೇರ ಅರ್ಥ ಬಿಟ್ಟು ಅದಕ್ಕೆ ಹೊಂದಿಕೊಂಡ ಅರ್ಥ ಹಿಡಿಯುವುದು. "ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯಲ್ಲಿ ಕೈ ಎಂದರೆ ದುಡಿಮೆ, ಬಾಯಿ ಎಂದರೆ ಉಣ್ಣುವುದು. ಅದೂ ಲಕ್ಷಣೆಯೇ, ಜೊತೆಗೆ ಕೆಸರು ಮೊಸರಿನ ಪ್ರಾಸ.

ಒಂದೇ ಪದದಲ್ಲಿ ಎರಡು ಅರ್ಥ ಕೇಳಿಸುವ ಶ್ಲೇಷೆಗೆ ಪುರಂದರದಾಸರ "ರಾಗಿ ತಂದಿರಾ ಭಿಕ್ಷಕೆ ರಾಗಿ ತಂದಿರಾ" ಸಾಕು. "ಯೋಗ್ಯರಾಗಿ ಭೋಗ್ಯರಾಗಿ ಭಾಗ್ಯವಂತರಾಗಿ ನೀವು" ಎನ್ನುವಾಗ ಧಾನ್ಯದ ರಾಗಿ ಕರಗಿ ಯೋಗ್ಯರು ಆಗಿ, ಭೋಗ್ಯರು ಆಗಿ ಎಂದಾಗುತ್ತದೆ. ಬೇಡುವವನು ಜೋಳಿಗೆ ಚಾಚಿಕೊಂಡೇ ಕೊಡುವವನಾಗುತ್ತಾನೆ. ಬಾಗಿಲಲ್ಲಿ ನಿಂತ ಗೃಹಸ್ಥನಿಗೆ ಯಾವ ರಾಗಿ ಕೇಳಿಸಿತೋ ಅದು ಅವನ ಯೋಗ್ಯತೆ.

ಈಗ ನನಗೆ ಬಹಳ ಪ್ರೀತಿಯ ಒಂದು ವಚನ. ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ನಮ್ಮ ಲಿಂಗಸುಗೂರು ಸೀಮೆಯವರು, ಗುರುಗುಂಟಾ ಹತ್ತಿರದ ಅಮರೇಶ್ವರನೇ ಅವರ ಅಂಕಿತ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದ. ಹೆಂಡತಿ ಕೇಳುತ್ತಾಳೆ: "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ? ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ? ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ."

ಇದು ವಚನ, ಛಂದಸ್ಸಿನ ಕಟ್ಟಿಲ್ಲ ಎಂದು ಓದಿದ್ದೇವೆ. ಆದರೂ ಪ್ರತಿ ವಾಕ್ಯದ ಎರಡನೇ ಅಕ್ಷರ ನೋಡಿ. ಆಸೆ, ರೋಷ, ಈಸ, ಈಶ್ವ. ಸಕಾರ, ಷಕಾರ, ಮತ್ತೆ ಸಕಾರ, ಶಕಾರ. ಮೊದಲಕ್ಷರ ನಾಲ್ಕೂ ಕಡೆ ದೀರ್ಘ. ಕವಿರಾಜಮಾರ್ಗದ ಕಂದದಲ್ಲಿ ಕಂಡ ಅದೇ ಕಿವಿ ಇಲ್ಲಿ ಅಕ್ಕಿ ಆಯುವ ಮನೆಯ ಹೆಣ್ಣುಮಗಳ ಮಾತಿನಲ್ಲಿದೆ. ಅದು ಸುಮ್ಮನೆ ಇಂಪಿಗೆ ಬಂದದ್ದಲ್ಲ. "ಈಸಕ್ಕಿ" ಎಂದರೆ ಇಷ್ಟೊಂದು ಅಕ್ಕಿ. ಅದರ ಬೆನ್ನಿಗೇ "ಈಶ್ವರ". ಒಂದು ಕಡೆ ಈಸಕ್ಕಿ, ಇನ್ನೊಂದು ಕಡೆ ಈಶ್ವರ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಗಂಡನ ಮುಂದೆ ಇಟ್ಟಂತೆ ಇದೆ. ಈಸಕ್ಕಿ ಬದಲು "ಇಷ್ಟು ಅಕ್ಕಿಯ ಆಸೆ" ಎಂದು ಮಾಡಿದರೆ ಆ ಇಕ್ಕಟ್ಟು ಮಾಯ. ಮೊದಲ ವಾಕ್ಯದ ಅರಸನನ್ನೂ ಬಿಡಬೇಡಿ: ಒಂದು ಹಿಡಿ ಹೆಚ್ಚಿನ ಅಕ್ಕಿಯ ಆಸೆಯನ್ನು ಅವಳು ಅರಸನ ಆಸೆಯ ಪಕ್ಕದಲ್ಲಿಟ್ಟು ತೂಗುತ್ತಾಳೆ. ಗಂಗಾವತಿ, ಸಿಂಧನೂರಿನ ಗದ್ದೆ ಬಯಲಿನಲ್ಲಿ ಭತ್ತದ ರಾಶಿ ನೋಡುತ್ತ ಬೆಳೆದವರು ನೀವು. ಹೆಚ್ಚಿಗೆ ತಂದ ಅಕ್ಕಿಯನ್ನು ತಿರುಗಿ ಕಳಿಸುವುದು ಎಷ್ಟು ದೊಡ್ಡ ಮಾತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಯದಾಗಿ ಗಜಲ್, ಅಂದರೆ ಎರಡೆರಡು ಸಾಲಿನ ದ್ವಿಪದಿಗಳಲ್ಲಿ ಕಟ್ಟುವ ಕವಿತೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಶಾಲೆಯ ಭಾಷೆ ಉರ್ದು. ಆ ಕಷ್ಟದ ಕಾಲದಿಂದ ನಮ್ಮವರು ಒಂದು ಒಳ್ಳೆಯದನ್ನು ಉಳಿಸಿಕೊಂಡರು, ಅದು ಗಜಲಿನ ಕಿವಿ. ರಾಯಚೂರಿನ ಕವಿ ಶಾಂತರಸರು ಅದನ್ನು ಕನ್ನಡದಲ್ಲಿ ಬೇರೂರಿಸಿದವರು. ಗಜಲಿನಲ್ಲಿ ಪ್ರತಿ ದ್ವಿಪದಿಯ ಕೊನೆಗೆ ಬದಲಾಗದೆ ಬರುವ ಪದ ರದೀಫ್, ಅದರ ಹಿಂದೆ ಬರುವ ಪ್ರಾಸಪದ ಕಾಫಿಯಾ. ಮೊದಲ ದ್ವಿಪದಿ, ಅಂದರೆ ಮತ್ಲಾದಲ್ಲಿ, ಎರಡೂ ಸಾಲಿಗೆ ಇವು ಬರಬೇಕು. ಆಮೇಲಿನವುಗಳಲ್ಲಿ ಎರಡನೇ ಸಾಲಿಗೆ ಮಾತ್ರ. ಕೊನೆಯ ದ್ವಿಪದಿ ಮಕ್ತಾ, ಅದರಲ್ಲಿ ಕವಿ ತನ್ನ ಹೆಸರು ತರುವುದು ರೂಢಿ. ನಿಮಗಾಗಿ ನಾನೇ ಎರಡು ದ್ವಿಪದಿ ಕಟ್ಟಿಕೊಂಡು ಬಂದಿದ್ದೇನೆ:

ಕಾಲುವೆಗೆ ತುಂಗಭದ್ರೆ ಇಂದು ಇಳಿಯಿತು, ಕಾಯುತ್ತಿದ್ದೇನೆ
ತುದಿಯ ಹೊಲದ ಬಿರುಕಿಗೂ ಸುದ್ದಿ ತಿಳಿಯಿತು, ಕಾಯುತ್ತಿದ್ದೇನೆ

ಮೇಲಿನ ಹೊಲದವರು ನಾಟಿ ಮುಗಿಸಿ ಮನೆಗೆ ಹೋದರು
ನನ್ನ ಸಸಿಮಡಿಯಲ್ಲಿ ಹಸಿರು ಚೂರೇ ಉಳಿಯಿತು, ಕಾಯುತ್ತಿದ್ದೇನೆ

"ಕಾಯುತ್ತಿದ್ದೇನೆ" ರದೀಫ್. ಇಳಿಯಿತು, ತಿಳಿಯಿತು, ಉಳಿಯಿತು ಕಾಫಿಯಾ. ಕಾಲುವೆಯ ಕೊನೆ ಭಾಗದಲ್ಲಿ ಹೊಲವಿರುವವರ ಮಕ್ಕಳು ಇಲ್ಲಿದ್ದೀರಿ, ಈ ಕಾಯುವುದು ಏನೆಂದು ನನಗಿಂತ ಚೆನ್ನಾಗಿ ಬಲ್ಲಿರಿ. ರದೀಫ್ ಒಂದಕ್ಷರವೂ ಬದಲಾಗಿಲ್ಲ, ಆದರೆ ಮೊದಲ ಸಾಲಿನಲ್ಲಿ ಅದು ಆಸೆ, ಎರಡನೆಯದರಲ್ಲಿ ಆತುರ, ನಾಲ್ಕನೆಯದರಲ್ಲಿ ಬೇರೆ ದಾರಿಯಿಲ್ಲದವನ ಮಾತು. ಬದಲಾಗದ ಪದದಿಂದ ಬದಲಾದ ಸ್ಥಿತಿಯನ್ನು ಹೇಳಿಸುವುದು ರದೀಫಿನ ಕೆಲಸ. ರದೀಫ್ ತೆಗೆದು ಓದಿ, ನೀರು ಬಿಟ್ಟ ಸುದ್ದಿ ಮಾತ್ರ ಉಳಿಯುತ್ತದೆ.

ಮೂರನೇ ದ್ವಿಪದಿ ನೀವು ಬರೆಯಿರಿ. ಕಾಫಿಯಾಕ್ಕೆ ಎರಡು ಪದ ಕೊಡುತ್ತೇನೆ: ಸುಳಿಯಿತು, ಅಳಿಯಿತು. ಮೋಡ ಸುಳಿಯಬಹುದು, ಗಾಳಿ ಸುಳಿಯಬಹುದು. ಏನು ಅಳಿಯಿತು ಎಂಬುದನ್ನು ನೀವೇ ಹುಡುಕಬೇಕು. ಮೊದಲ ಸಾಲಿಗೆ ಪ್ರಾಸದ ಹಂಗಿಲ್ಲ, ಅಲ್ಲಿ ಒಂದು ವಸ್ತುವನ್ನು ಕಣ್ಣಿಗೆ ಕಾಣುವಂತೆ ಇಡಿ. ಕಾಫಿಯಾ ಸಿಗದಿದ್ದರೆ ರದೀಫ್ ಬದಲಿಸಬೇಡಿ, ಸಾಲನ್ನೇ ಮತ್ತೆ ಕಟ್ಟಿ. ಊಟದ ನಂತರ ಇಲ್ಲೇ ಇರುತ್ತೇನೆ, ಬರೆದವರು ತನ್ನಿ, ಕೂತು ಓದೋಣ.